ಆರ್ಕಿಟೆಕ್ಟ್ ಆಗ್ಬೇಕಾ? ಕಾಲೇಜಿನ ಕಟ್ಟಡಕ್ಕಿಂತ ಮೊದಲು ಪದವಿಯ ಮಾನ್ಯತೆ ನೋಡಿ

ಪ್ಲಸ್ ಟು, ಪಿಯುಸಿ ಫಲಿತಾಂಶದ ಹೊತ್ತಿಗೆ ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಕಡೆಯ ಬ್ಯಾರಿ ಮನೆಗಳಲ್ಲಿ ಡಾಕ್ಟರ್, ಎಂಜಿನಿಯರ್ ಜೊತೆಗೆ ಈಗ ಆರ್ಕಿಟೆಕ್ಟ್ ಅನ್ನುವ ಹೆಸರೂ ಕೇಳಿಬರುತ್ತಿದೆ. ಗಲ್ಫ್‌ನ ಕಟ್ಟಡ ಕೆಲಸಗಳನ್ನು ಹತ್ತಿರದಿಂದ ಕಂಡ ಕುಟುಂಬಗಳಿಗೆ ಈ ವೃತ್ತಿ ಅಪರಿಚಿತವೇನಲ್ಲ. ಚಿತ್ರ ಬಿಡಿಸುವ ಕೈ, ಗಣಿತದಲ್ಲಿ ಆಸಕ್ತಿ ಎರಡೂ ಇರುವ ಹುಡುಗ ಹುಡುಗಿಯರಿಗೆ ಇದು ಒಳ್ಳೆಯ ದಾರಿ.

ಆದರೆ ಸೀಟು ಹುಡುಕುವಾಗ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: "ಯಾವ ಕಾಲೇಜು ಒಳ್ಳೇದು?" ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. "ಈ ಪದವಿ ಮುಗಿಸಿದ ಮೇಲೆ ಆರ್ಕಿಟೆಕ್ಟ್ ಅಂತ ನೋಂದಣಿ ಆಗುತ್ತದಾ?" ಇದಕ್ಕೆ ಉತ್ತರ ಸಿಗದೆ ಫೀಸ್ ಕಟ್ಟಿದರೆ ಐದು ವರ್ಷ, ಲಕ್ಷಗಟ್ಟಲೆ ದುಡ್ಡು ಎರಡೂ ಅಪಾಯದಲ್ಲಿ.

ಕಾನೂನು ಏನು ಹೇಳುತ್ತದೆ?

ಭಾರತದಲ್ಲಿ 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಇದೆ. ಅದರಡಿ ರಚನೆಯಾದ ಸಂಸ್ಥೆಯೇ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್, ಅಂದರೆ ಸಿಒಎ. ಕಾಯ್ದೆಯಡಿ ಮಾನ್ಯವಾದ ಪದವಿ ಪಡೆದು ಸಿಒಎಯಲ್ಲಿ ನೋಂದಣಿ ಮಾಡಿಸಿಕೊಂಡವರು ಮಾತ್ರ ಹೆಸರಿನ ಜೊತೆ 'ಆರ್ಕಿಟೆಕ್ಟ್' ಅಂತ ಹಾಕಿಕೊಳ್ಳಬಹುದು. ಹಾಗಾದರೆ ಬೇರೆಯವರು ಮನೆಯ ನಕ್ಷೆ ಮಾಡುವಂತೆಯೇ ಇಲ್ಲವೇ? ಹಾಗಲ್ಲ. ಕಾಯ್ದೆಯ 37ನೇ ಕಲಂ ರಕ್ಷಿಸುವುದು ಆರ್ಕಿಟೆಕ್ಟ್ ಅನ್ನುವ ಹೆಸರನ್ನು. ವಿನ್ಯಾಸದ ಕೆಲಸ ಮಾಡುವುದನ್ನು ಅದು ತಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ಆದರೆ ಸ್ವಂತ ಆಫೀಸಿಗೆ ಆರ್ಕಿಟೆಕ್ಟ್ ಅಂತ ಬೋರ್ಡ್ ಹಾಕಬೇಕಾದರೆ, ಆರ್ಕಿಟೆಕ್ಟ್ ಹುದ್ದೆಗೆ ಅರ್ಜಿ ಹಾಕಬೇಕಾದರೆ ಆ ನೋಂದಣಿಯೇ ಬೇಕು.

ಮೂರು ಮಾನ್ಯತೆ, ಮೂರು ಅರ್ಥ

ಕಾಲೇಜಿನ ಜಾಹೀರಾತಿನಲ್ಲಿ ಹಲವು ಮುದ್ರೆಗಳು ಸಾಲಾಗಿ ಇರುತ್ತವೆ. ಎಲ್ಲವೂ ಒಂದೇ ಅಂತ ತಿಳಿಯುವುದರಿಂದಲೇ ಗೊಂದಲ ಶುರುವಾಗುತ್ತದೆ.

ಮೊದಲನೆಯದು ವಿಶ್ವವಿದ್ಯಾಲಯದ ಸಂಯೋಜನೆ. ಕರ್ನಾಟಕದಲ್ಲಿ ಹೆಚ್ಚಾಗಿ ವಿಟಿಯು, ಕೇರಳದಲ್ಲಿ ಎಪಿಜೆ ಅಬ್ದುಲ್ ಕಲಾಂ ತಾಂತ್ರಿಕ ವಿಶ್ವವಿದ್ಯಾಲಯ. ಪರೀಕ್ಷೆ ನಡೆಸಿ ಪದವಿ ಕೊಡುವುದು ಇವು.

ಎರಡನೆಯದು ಸಿಒಎ ಅನುಮೋದನೆ. ಆರ್ಕಿಟೆಕ್ಟ್ ಆಗಲು ನಿರ್ಣಾಯಕವಾದದ್ದು ಇದೇ. ಆರ್ಕಿಟೆಕ್ಚರ್ ಶಿಕ್ಷಣದ ವಿಷಯದಲ್ಲಿ ಎಐಸಿಟಿಇ ಮತ್ತು ಸಿಒಎ ನಡುವೆ ಯಾರ ಮಾತು ಅಂತಿಮ ಎಂಬ ಪ್ರಶ್ನೆ ಬಂದಾಗ, ಸಿಒಎ ನಿಯಮಗಳೇ ಅನ್ವಯ ಎಂದು 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಹಾಗಾಗಿ "ನಮ್ಮಲ್ಲಿ ಎಐಸಿಟಿಇ ಇದೆ" ಎಂಬ ಉತ್ತರ ಸಾಲದು.

ಮೂರನೆಯದು ನ್ಯಾಕ್ ಗ್ರೇಡ್. ಇದು ಇಡೀ ಸಂಸ್ಥೆಯ ಗುಣಮಟ್ಟಕ್ಕೆ ಕೊಡುವ ಅಂಕ. ಕಾಲೇಜಿಗೆ ಎ ಪ್ಲಸ್ ಇದ್ದರೂ ಅಲ್ಲಿನ ಆರ್ಕಿಟೆಕ್ಚರ್ ಕೋರ್ಸಿಗೆ ಸಿಒಎ ಅನುಮೋದನೆ ಬೇರೆಯೇ ಬೇಕು. ನ್ಯಾಕ್ ಗ್ರೇಡ್ ಒಳ್ಳೆಯದೇ, ಆದರೆ ಅದು ನೋಂದಣಿ ಕೊಡಿಸುವುದಿಲ್ಲ.

ಸಿಒಎ ವೆಬ್‌ಸೈಟಿನಲ್ಲಿ ಅನುಮೋದಿತ ಕಾಲೇಜುಗಳ ಪಟ್ಟಿ ಸಿಗುತ್ತದೆ. ಅಲ್ಲಿ ನೋಡಬೇಕಾದ್ದು ಮೂರು: ಕಾಲೇಜಿನ ಹೆಸರು ಮತ್ತು ಊರು ಸರಿಯಾಗಿ ಅದೇನಾ, ಸೇರುವ ವರ್ಷಕ್ಕೆ ಅನುಮೋದನೆ ಇದೆಯಾ, ಎಷ್ಟು ಸೀಟಿಗೆ ಇದೆ. ಒಂದೇ ಟ್ರಸ್ಟಿನ ಇನ್ನೊಂದು ಕಾಲೇಜಿಗೆ ಇರುವ ಅನುಮೋದನೆ ಈ ಕಾಲೇಜಿಗೆ ಬರುವುದಿಲ್ಲ. ಕಾಲೇಜಿನವರು ತೋರಿಸುವ ಹಳೆಯ ಪತ್ರ, ಪರಿಚಯಸ್ಥರ ಭರವಸೆ, ಏಜೆಂಟರ ಮಾತು ಇವು ಯಾವುದೂ ಆ ಪಟ್ಟಿಗೆ ಸಮವಲ್ಲ.

ಹೆಸರು ಹತ್ತಿರ, ಪದವಿ ಬೇರೆ

ನೋಂದಣಿಗೆ ಬೇಕಾದ ಸಾಮಾನ್ಯ ದಾರಿ ಐದು ವರ್ಷ, ಹತ್ತು ಸೆಮಿಸ್ಟರ್‌ಗಳ ಬಿ.ಆರ್ಕ್. ಇಂಟೀರಿಯರ್ ಡಿಸೈನ್, ಬಿ.ಡಿಸೈನ್, ಬಿ.ಪ್ಲಾನ್, ಆರ್ಕಿಟೆಕ್ಚರ್ ಅಸಿಸ್ಟೆಂಟ್‌ಶಿಪ್ ಡಿಪ್ಲೊಮಾ, ಸಿವಿಲ್ ಎಂಜಿನಿಯರಿಂಗ್ ಎಲ್ಲವೂ ಗೌರವದ ಓದುಗಳೇ, ಉದ್ಯೋಗವೂ ಇದೆ. ಆದರೆ ಅವುಗಳಿಂದ ಆರ್ಕಿಟೆಕ್ಟ್ ನೋಂದಣಿ ಸಿಗದು. ದೂರಶಿಕ್ಷಣದಲ್ಲಿ ಆರ್ಕಿಟೆಕ್ಚರ್ ಪದವಿ ಕೊಡುವುದಕ್ಕೆ ಯುಜಿಸಿ ನಿಯಮದಲ್ಲಿ ಅವಕಾಶವೇ ಇಲ್ಲ. ದುಬೈ, ದಮ್ಮಾಮ್‌ನಲ್ಲಿ ಡ್ರಾಫ್ಟ್ಸ್‌ಮನ್ ಕೆಲಸ ಮಾಡುತ್ತಾ "ಮನೆಯಲ್ಲೇ ಕೂತು ಆರ್ಕಿಟೆಕ್ಚರ್ ಡಿಗ್ರಿ" ಎಂಬ ಜಾಹೀರಾತು ನೋಡಿದವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಗಡಿಯ ಮಕ್ಕಳಿಗೆ ಎರಡು ಬಾಗಿಲು

ಬಿ.ಆರ್ಕ್ ಸೇರಲು ಪ್ಲಸ್ ಟುನಲ್ಲಿ ಗಣಿತ, ಭೌತಶಾಸ್ತ್ರ ಓದಿರಬೇಕು. ಕನಿಷ್ಠ ಅಂಕ ಮತ್ತು ಉಳಿದ ವಿಷಯಗಳ ನಿಯಮವನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಬೇಕು. ಪ್ರವೇಶ ಪರೀಕ್ಷೆ ಮುಖ್ಯವಾಗಿ ಎರಡು: ಸಿಒಎ ನಡೆಸುವ ನಾಟಾ, ಮತ್ತು ಜೆಇಇ ಮೈನ್‌ನ ಎರಡನೇ ಪೇಪರ್.

ಕೇರಳದಲ್ಲೂ ಕರ್ನಾಟಕದಲ್ಲೂ ನಾಟಾ ಅಂಕ ಮತ್ತು ಹನ್ನೆರಡನೇ ತರಗತಿಯ ಅಂಕಗಳಿಗೆ ಸಮಪಾಲು ಕೊಟ್ಟು ರ್‍ಯಾಂಕ್ ಮಾಡುತ್ತಾರೆ. ಆದರೆ ನಾಟಾ ಬರೆದರೆ ಮಾತ್ರ ಸಾಲದು. ಕೇರಳದ ಸೀಟಿಗೆ ಕೀಮ್ ಅರ್ಜಿಯಲ್ಲಿ, ಕರ್ನಾಟಕದ ಸೀಟಿಗೆ ಕೆಇಎ ಅರ್ಜಿಯಲ್ಲಿ ಆರ್ಕಿಟೆಕ್ಚರ್ ಆಯ್ಕೆ ಮಾಡಿ ಸಮಯಕ್ಕೆ ಸರಿಯಾಗಿ ಸಲ್ಲಿಸಲೇಬೇಕು. ಒಳ್ಳೆಯ ನಾಟಾ ಅಂಕ ಇದ್ದೂ ಈ ಅರ್ಜಿ ಇಲ್ಲದಿದ್ದರೆ ಸೀಟು ಇಲ್ಲ.

ಕೇರಳದ ಪ್ರವೇಶದಲ್ಲಿ ಮುಸ್ಲಿಮರಿಗೆ ಶೇ. 8 ಮೀಸಲಾತಿ ಇದೆ. ಅದಕ್ಕೆ ವಿಲೇಜ್ ಆಫೀಸಿನಿಂದ ನಾನ್ ಕ್ರೀಮಿ ಲೇಯರ್ ಸರ್ಟಿಫಿಕೇಟ್ ಮೊದಲೇ ಮಾಡಿಸಿಟ್ಟುಕೊಳ್ಳಬೇಕು. ಕರ್ನಾಟಕದ ಕಡೆ ಕೆಇಎ ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ನಿಯಮ ಇಟ್ಟಿದೆ, ಅವರಿಗಾಗಿ ಕನ್ನಡ ಭಾಷಾ ಪರೀಕ್ಷೆಯನ್ನೂ ನಡೆಸುತ್ತದೆ. ಎಷ್ಟು ವರ್ಷ ಎಲ್ಲಿ ಓದಿದ್ದು, ಮಾತೃಭಾಷೆ ಯಾವುದು ಎಂಬ ಷರತ್ತುಗಳು ಅದರಲ್ಲಿ ಇರುವುದರಿಂದ ಬ್ಯಾರಿ ಮಾತಾಡುವ ಮನೆಯವರು ಆ ಸಾಲುಗಳನ್ನು ಗಮನವಿಟ್ಟು ಓದಿ, ಶಾಲೆಯ ದಾಖಲೆಗಳನ್ನು ಹೊಂದಿಸಿಕೊಂಡೇ ಅರ್ಜಿ ಹಾಕುವುದು ಒಳ್ಳೆಯದು.

ಇನ್ನೊಂದು ಸೂಕ್ಷ್ಮ ವಿಷಯ ಹತ್ತನೇ ತರಗತಿ ಮುಗಿದಾಗಲೇ ತಿಳಿದಿರಬೇಕು. ಎನ್ಐಟಿಗಳಲ್ಲಿ ತವರು ರಾಜ್ಯದ ಕೋಟಾ ಲೆಕ್ಕಕ್ಕೆ ಬರುವುದು ಮನೆ ಇರುವ ಊರಿನಿಂದಲ್ಲ, ಹನ್ನೆರಡನೇ ತರಗತಿ ಪಾಸಾದ ರಾಜ್ಯದಿಂದ. ಕ್ಯಾಲಿಕಟ್ ಎನ್ಐಟಿಯಲ್ಲಿ ಬಿ.ಆರ್ಕ್ ಇದೆ, ಸುರತ್ಕಲ್ ಎನ್ಐಟಿಕೆಯಲ್ಲಿ ಇಲ್ಲ. ಹಾಗಾಗಿ ಮಂಜೇಶ್ವರದ ವಿದ್ಯಾರ್ಥಿ ಮಂಗಳೂರಲ್ಲಿ ಪಿಯುಸಿ ಮಾಡಿದರೆ ಕ್ಯಾಲಿಕಟ್‌ನಲ್ಲಿ ಕೇರಳದ ಕೋಟಾ ಸಿಗುವುದಿಲ್ಲ, ಹೊರರಾಜ್ಯದವರ ಜೊತೆ ಸ್ಪರ್ಧಿಸಬೇಕಾಗುತ್ತದೆ. ಮಂಗಳೂರಿಗೆ ಹೋಗಲೇಬಾರದು ಅಂತಲ್ಲ, ಲೆಕ್ಕ ಗೊತ್ತಿದ್ದು ಹೋಗಬೇಕು.

ಮಾನ್ಯತೆ ಇರುವವುಗಳಲ್ಲಿ ಯಾವುದು?

ತಿರುವನಂತಪುರದ ಸಿಇಟಿ, ಕೊಲ್ಲಂನ ಟಿಕೆಎಂ, ಇತ್ತ ಮಣಿಪಾಲ, ಮಂಗಳೂರು ಹೀಗೆ ಬಿ.ಆರ್ಕ್ ಇರುವ ಕಡೆಗಳು ಹಲವು. ಸಿಒಎ ಪಟ್ಟಿಯಲ್ಲಿ ಹೆಸರು ಖಾತ್ರಿಯಾದ ಮೇಲೆ ಒಮ್ಮೆ ಕ್ಯಾಂಪಸ್ಸಿಗೇ ಹೋಗಿ ನೋಡಬೇಕು. ಗೇಟು, ಲಾನ್ ಅಲ್ಲ, ಸ್ಟುಡಿಯೋ ನೋಡಬೇಕು. ಈ ಓದಿನ ಜೀವ ಇರುವುದೇ ಅಲ್ಲಿ. ಸ್ಟುಡಿಯೋದಲ್ಲಿ ಒಬ್ಬ ಅಧ್ಯಾಪಕರಿಗೆ ಎಷ್ಟು ಮಕ್ಕಳು? ಕಲಿಸುವವರು ಸ್ವತಃ ನೋಂದಾಯಿತ ಆರ್ಕಿಟೆಕ್ಟ್‌ಗಳಾ? ಅಂತಿಮ ವರ್ಷದವರ ಥೀಸಿಸ್ ಹೇಗಿದೆ? ಕಚೇರಿ ತರಬೇತಿಗೆ ಮಕ್ಕಳು ಎಲ್ಲಿಗೆ ಹೋಗುತ್ತಾರೆ? ಎರಡನೇ, ಮೂರನೇ ವರ್ಷದ ವಿದ್ಯಾರ್ಥಿಗಳನ್ನು ಮಾತಾಡಿಸಿದರೆ ಅರ್ಧ ಗಂಟೆಯಲ್ಲಿ ನಿಜ ತಿಳಿಯುತ್ತದೆ.

ಖರ್ಚಿನ ಲೆಕ್ಕವೂ ಫೀಸಿಗೆ ಮುಗಿಯುವುದಿಲ್ಲ. ಒಳ್ಳೆಯ ಲ್ಯಾಪ್‌ಟಾಪ್, ಮಾಡೆಲ್ ಸಾಮಗ್ರಿ, ಪ್ರಿಂಟ್, ಅಧ್ಯಯನ ಪ್ರವಾಸ ವರ್ಷವರ್ಷವೂ ಬರುತ್ತವೆ. ಸಬ್‌ಮಿಶನ್ ದಿನಗಳಲ್ಲಿ ರಾತ್ರಿಯವರೆಗೂ ಕೆಲಸ ಇರುತ್ತದೆ. ಹೆಣ್ಮಕ್ಕಳನ್ನು ದಿನಾ ರೈಲಿನಲ್ಲಿ ಕಳಿಸುವುದಾ, ಹಾಸ್ಟೆಲ್ ಹಾಕುವುದಾ ಎಂಬುದನ್ನು ಮನೆಯವರು ಸೇರುವ ಮೊದಲೇ ಮಾತಾಡಿಕೊಂಡರೆ ಮಧ್ಯದಲ್ಲಿ ಓದು ನಿಲ್ಲುವ ಪರಿಸ್ಥಿತಿ ಬರದು.

ಗಲ್ಫ್, ವಿದೇಶದ ಲೆಕ್ಕ

ಸರ್ಟಿಫಿಕೇಟ್ ಅಟೆಸ್ಟೇಶನ್ ಆದರೆ ಎಲ್ಲವೂ ಸರಿಯಾಯಿತು ಎಂಬ ನಂಬಿಕೆ ಗಲ್ಫ್ ಕುಟುಂಬಗಳಲ್ಲಿದೆ. ಅಟೆಸ್ಟೇಶನ್ ಹೇಳುವುದು ಇಷ್ಟೇ: ಈ ಸರ್ಟಿಫಿಕೇಟ್ ನಕಲಿ ಅಲ್ಲ. ಆ ದೇಶದಲ್ಲಿ ಆರ್ಕಿಟೆಕ್ಟ್ ಆಗಿ ಕೆಲಸ ಮಾಡಲು ಅಲ್ಲಿನ ನಿಯಮ ಬೇರೆ. ಸೌದಿಯಲ್ಲಿ ಸೌದಿ ಕೌನ್ಸಿಲ್ ಆಫ್ ಎಂಜಿನಿಯರ್ಸ್ ನೋಂದಣಿ ಬೇಕು.

ಹೊರದೇಶದಲ್ಲಿ ಓದುವವರಿಗೂ ಇದೇ ಮಾತು. ಅಮೆರಿಕದಲ್ಲಿ ಆರ್ಕಿಟೆಕ್ಚರ್ ಪದವಿಗಳಿಗೆ ಮಾನ್ಯತೆ ಕೊಡುವುದು ಎನ್ಎಎಬಿ. ಅದೇ ಕಾಲೇಜಿನ ನಾಲ್ಕು ವರ್ಷದ ಆರ್ಕಿಟೆಕ್ಚರ್ ಬಿಎಸ್ ಪದವಿಗೆ ಆ ಮಾನ್ಯತೆ ಇರುವುದಿಲ್ಲ, ಐದು ವರ್ಷದ ಬಿ.ಆರ್ಕ್‌ಗೆ ಅಥವಾ ಎಂ.ಆರ್ಕ್‌ಗೆ ಇರುತ್ತದೆ. ಯುಎಇಯ ಅಮೆರಿಕನ್ ಯೂನಿವರ್ಸಿಟಿ ಆಫ್ ಶಾರ್ಜಾದ ಬಿ.ಆರ್ಕ್ ಎನ್ಎಎಬಿ ಮಾನ್ಯತೆ ಪಡೆದದ್ದು. ಆದರೆ ವಿದೇಶದ ಪದವಿ ಹಿಡಿದು ಊರಿಗೆ ಬಂದು ಆಫೀಸು ತೆರೆಯುವ ಯೋಚನೆ ಇದ್ದರೆ, ಆ ಪದವಿ ಭಾರತದ ಕಾಯ್ದೆಯಡಿ ನೋಂದಣಿಗೆ ಒಪ್ಪಿತವಾ ಎಂದು ಸಿಒಎಯಿಂದ ಮೊದಲೇ ಲಿಖಿತವಾಗಿ ಕೇಳಿಕೊಳ್ಳಬೇಕು.

ಮುಂಗಡ ಕೊಡುವ ಮುಂಚೆ ಐದು ಪ್ರಶ್ನೆ

1. ಪದವಿಯ ಪೂರ್ತಿ ಹೆಸರೇನು? ಬಿ.ಆರ್ಕ್ ಹೌದಾ?
2. ಈ ವರ್ಷದ ಸಿಒಎ ಪಟ್ಟಿಯಲ್ಲಿ ಈ ಕಾಲೇಜು, ಈ ಊರಿನ ಹೆಸರಲ್ಲೇ ಇದೆಯಾ?
3. ಅನುಮೋದಿತ ಸೀಟು ಎಷ್ಟು? ಕೊಡುತ್ತಿರುವ ಸೀಟು ಅದರೊಳಗಿದೆಯಾ?
4. ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು?
5. ಹಿಂದಿನ ಬ್ಯಾಚಿನವರಿಗೆ ಸಿಒಎ ನೋಂದಣಿ ಸಿಕ್ಕಿದೆಯಾ?

ಈ ಐದನ್ನು ಮೊಬೈಲಿನಲ್ಲೇ ಒಂದು ಸಂಜೆಯೊಳಗೆ ಪರಿಶೀಲಿಸಬಹುದು. ಜಮಾಅತ್ ಕಮಿಟಿಗಳು, ಊರಿನ ಯುವಕ ಸಂಘಗಳು ಫಲಿತಾಂಶದ ಸಮಯದಲ್ಲಿ ಮಾಡುವ ಗೈಡೆನ್ಸ್ ಶಿಬಿರಗಳಲ್ಲಿ ಆ ಪಟ್ಟಿಯನ್ನು ಪರದೆಯ ಮೇಲೆ ತೆರೆದು, ಹೇಗೆ ಹುಡುಕುವುದು ಎಂದು ತೋರಿಸಿಕೊಟ್ಟರೆ ಅದೇ ಆ ದಿನದ ಅತ್ಯಂತ ಉಪಯುಕ್ತ ಹತ್ತು ನಿಮಿಷವಾದೀತು.