ಹೆಸರಿಡುವ ಮೊದಲೇ ಊರು ಸೇರಿದ ವೈರಸ್

2021ರ ಡಿಸೆಂಬರ್ 2ರಂದು ಕೋವಿಡ್ ವೈರಸ್ಸಿನ ಒಮಿಕ್ರಾನ್ ತಳಿಯ ಭಾರತದ ಮೊದಲ ಎರಡು ಪ್ರಕರಣಗಳನ್ನು ಸರ್ಕಾರ ಪ್ರಕಟಿಸಿತು. ಎರಡೂ ಬೆಂಗಳೂರಿನವೇ. ಒಬ್ಬರು ದಕ್ಷಿಣ ಆಫ್ರಿಕಾದಿಂದ ಬಂದವರು. ಇನ್ನೊಬ್ಬರು ನಗರದ ವೈದ್ಯರು, ವಿದೇಶಕ್ಕೆ ಹೋಗಿಯೇ ಇರಲಿಲ್ಲ. ಅವರಿಗೆ ಜ್ವರ, ಮೈಕೈ ನೋವು ಕಾಣಿಸಿದ್ದು ನವೆಂಬರ್ 21ಕ್ಕೆ. ದಕ್ಷಿಣ ಆಫ್ರಿಕಾ ಈ ಹೊಸ ತಳಿಯ ವಿಷಯವನ್ನು ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಿದ್ದು 24ಕ್ಕೆ, ಅದಕ್ಕೆ ಒಮಿಕ್ರಾನ್ ಎಂದು ಹೆಸರಿಟ್ಟಿದ್ದು 26ಕ್ಕೆ.

ಬೆಂಗಳೂರಿನ ಯಲಹಂಕದವರಿಗೆ ಇದು ದೂರದ ಸುದ್ದಿಯಲ್ಲ. ದೇವನಹಳ್ಳಿ ವಿಮಾನ ನಿಲ್ದಾಣದಿಂದ ನಗರಕ್ಕೆ ಬರುವ ಬಳ್ಳಾರಿ ರಸ್ತೆ ಹಾದುಹೋಗುವುದೇ ಇಲ್ಲಿಂದ. 2020ರ ಮಾರ್ಚ್‌ನಲ್ಲಿ ರಾಜ್ಯದ ಮೊದಲ ಕೋವಿಡ್ ಪ್ರಕರಣವೆಂದು ದಾಖಲಾದವರೂ ಅಮೆರಿಕದಿಂದ ಮರಳಿದ್ದ ಸಾಫ್ಟ್‌ವೇರ್ ಎಂಜಿನಿಯರ್. ನಿಲ್ದಾಣದಲ್ಲಿ ತಪಾಸಣೆ ಬೇಕು, ನಿಜ. ಆದರೆ ರೋಗಲಕ್ಷಣ ಕಾಣಿಸುವ ಮೊದಲೇ ಸೋಂಕು ದಾಟಿಸಬಲ್ಲ ವೈರಸ್ಸನ್ನು ಬಾಗಿಲಲ್ಲೇ ತಡೆಯುತ್ತೇವೆಂದು ನಂಬಿ ಕೂರುವುದು ಅಪಾಯ.

ಹಾಗಾದರೆ ಅದು ಒಳಗೆ ಬಂದದ್ದು ಗೊತ್ತಾಗುವುದು ಹೇಗೆ? ಉತ್ತರ ಯಲಹಂಕದ ಪಕ್ಕದಲ್ಲೇ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿದೆ. ಅಲ್ಲಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್, ಕೊರೊನಾ ಕಾಲದಲ್ಲಿ ಪರೀಕ್ಷೆಗೂ ತಳಿಗಳ ವಂಶವಾಹಿ ಓದುವುದಕ್ಕೂ ತನ್ನ ಪ್ರಯೋಗಾಲಯಗಳನ್ನು ತೆರೆಯಿತು. ಅದೇ ಆವರಣದ ಟಾಟಾ ಇನ್‌ಸ್ಟಿಟ್ಯೂಟ್ ಫಾರ್ ಜೆನೆಟಿಕ್ಸ್ ಅಂಡ್ ಸೊಸೈಟಿಯ ವಿಜ್ಞಾನಿಗಳು 2021ರಿಂದ ನಗರದ 28 ಕೊಳಚೆ ನೀರು ಶುದ್ಧೀಕರಣ ಘಟಕಗಳ ನೀರನ್ನು ಪರೀಕ್ಷಿಸತೊಡಗಿದರು. ಸೋಂಕು ತಗಲಿದ ಅನೇಕರ ಮಲದಲ್ಲಿ ವೈರಸ್ಸಿನ ಆರ್‌ಎನ್‌ಎ ಚೂರುಗಳು ಹೊರಬೀಳುತ್ತವೆ. ಬಾಟಲಿಯಷ್ಟು ಕೊಳಚೆಯಿಂದ ಆ ಚೂರುಗಳನ್ನು ಬೇರ್ಪಡಿಸಿ, ಮೂಗಿನ ಮಾದರಿಗೆ ಮಾಡುವಂಥದೇ ಆರ್‌ಟಿ-ಪಿಸಿಆರ್ ಪರೀಕ್ಷೆ ಮಾಡಿದರೆ ಸಾವಿರಾರು ಮನೆಗಳ ಸ್ಥಿತಿ ಒಮ್ಮೆಗೇ ತಿಳಿಯುತ್ತದೆ. ಲಕ್ಷಣವೇ ಇಲ್ಲದವರು, ಪರೀಕ್ಷೆಗೆ ಹೋಗದವರು, ಎಲ್ಲರೂ ಈ ಲೆಕ್ಕಕ್ಕೆ ಸೇರುತ್ತಾರೆ. ಆಸ್ಪತ್ರೆಗಳಲ್ಲಿ ಜನ ತುಂಬುವ ಮುನ್ನವೇ ಎಚ್ಚರಿಕೆ ಸಿಗಬಹುದು. ಇಂಥ ಕೆಲಸ ಅಲೆ ಇಳಿದ ಮೇಲೂ ನಿಲ್ಲಬಾರದು.

ಎಚ್ಚರಿಕೆ ಸಿಕ್ಕ ಮೇಲಿನ ಕೆಲಸ ಮನೆಯದು. ಅದಕ್ಕೆ ವೈರಸ್ ಹೇಗೆ ಹರಡುತ್ತದೆಂದು ಮೊದಲು ತಿಳಿದಿರಬೇಕು. 2020ರ ಮಾರ್ಚ್‌ನಲ್ಲಿ ಕೋವಿಡ್ ಗಾಳಿಯಲ್ಲಿ ಹರಡುವುದಿಲ್ಲ ಎಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು. ಮರುವರ್ಷ ಆ ಮಾತನ್ನು ತಿದ್ದಿಕೊಂಡಿತು. ಅಷ್ಟರಲ್ಲಿ ಜನ ತರಕಾರಿ ತೊಳೆದು, ಹಾಲಿನ ಪ್ಯಾಕೆಟ್ ಒರೆಸಿ ಸುಸ್ತಾಗಿದ್ದರು. ಕೈ ತೊಳೆಯುವುದು ಒಳ್ಳೆಯದೇ. ಆದರೆ ಉಸಿರಾಟದ ಸೂಕ್ಷ್ಮ ಹನಿಗಳು ಮುಚ್ಚಿದ ಕೋಣೆಯಲ್ಲಿ ಊದಿನಕಡ್ಡಿಯ ಹೊಗೆಯ ಹಾಗೆ ಗಂಟೆಗಟ್ಟಲೆ ತೇಲಬಲ್ಲವು. ಕಿಟಕಿ ತೆರೆದ ಬಿಎಂಟಿಸಿ ಬಸ್ಸಿಗಿಂತ ಗಾಜು ಮುಚ್ಚಿದ ಎಸಿ ಬಸ್ಸಿನಲ್ಲಿ ಮಾಸ್ಕ್ ಹೆಚ್ಚು ಬೇಕು. ಎನ್95 ಮಾಸ್ಕಾದರೆ ಮೂಗಿನ ಮೇಲಿನ ಪಟ್ಟಿಯನ್ನು ಎರಡೂ ಕೈಗಳ ಬೆರಳುಗಳಿಂದ ಒತ್ತಿ ಕೂರಿಸಬೇಕು. ಉಸಿರು ಬಿಟ್ಟಾಗ ಕೆನ್ನೆಯ ಅಂಚಿನಲ್ಲಿ ಗಾಳಿ ಸೋರಿದರೆ ಅದು ಸರಿಯಾಗಿ ಕೂತಿಲ್ಲ ಎಂದೇ ಅರ್ಥ.

ಇನ್ನು ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್. 2021ರ ಏಪ್ರಿಲ್‌ನಲ್ಲಿ ಯಲಹಂಕದ ಮೇಡಿ ಅಗ್ರಹಾರ ಚಿತಾಗಾರದ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿ ನಿಂತಿದ್ದವು. ಕೋವಿಡ್ಡಿನ ಆ ಎರಡನೇ ಅಲೆಯಲ್ಲಿ ಹಲವರಿಗೆ ರಕ್ತದ ಆಮ್ಲಜನಕ ಕುಸಿಯುತ್ತಿದ್ದರೂ ಏದುಸಿರು ಬರಲಿಲ್ಲ. ಆಸ್ಪತ್ರೆ ಸೇರುವ ಹೊತ್ತಿಗೆ ತಡವಾಗಿತ್ತು. ಐದು ನಿಮಿಷ ಸುಮ್ಮನೆ ಕೂತು, ನೇಲ್ ಪಾಲಿಶ್ ಇಲ್ಲದ ಬೆಚ್ಚಗಿನ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ಅಂಕಿ ನಿಲ್ಲುವ ತನಕ ಕಾಯಬೇಕು. 94ಕ್ಕಿಂತ ಕೆಳಗಿದ್ದರೆ ವೈದ್ಯರ ಬಳಿ ಹೋಗುವುದನ್ನು ಮುಂದೂಡಬಾರದು. ಉಸಿರಾಟದ ತೊಂದರೆ ಇದ್ದರೆ ಅಂಕಿ ಎಷ್ಟೇ ಇರಲಿ, ಹೊರಡಬೇಕು.

ಲಸಿಕೆ ಸೋಂಕನ್ನು ಪೂರ್ತಿ ತಡೆಯದು. ರೋಗ ಉಲ್ಬಣಿಸಿ ಜೀವ ಹೋಗುವುದನ್ನು ಬಹುಮಟ್ಟಿಗೆ ತಡೆಯುತ್ತದೆ. ಮನೆಯ ಹಿರಿಯರ, ಸಕ್ಕರೆ ಕಾಯಿಲೆ ಇರುವವರ ಲಸಿಕೆ ಚೀಟಿಗಳನ್ನು ಈಗಲೇ ಒಂದು ಕಡೆ ಎತ್ತಿಡಿ. ಯಾವ ಡೋಸ್ ಬಾಕಿ ಇದೆ ಎಂದು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿ. ಜ್ವರ, ಕೆಮ್ಮು ಇರುವ ದಿನ ಮದುವೆ ಮನೆಗೂ ಆಫೀಸಿಗೂ ಹೋಗಬೇಡಿ. ಹೋಗಲೇಬೇಕಾದರೆ ಮಾಸ್ಕ್ ಹಾಕಿಕೊಂಡೇ ಹೋಗಿ.