ಟೈಲ್ಸ್ ಹೊಳೆದರೆ ಸಾಲದು: ಆಸ್ಪತ್ರೆಯ ಸ್ವಚ್ಛತೆ ಅಳೆಯೋದು ಹೇಗೆ?

ನೆಲ ಫಳಫಳ ಅಂತಿದೆ, ಫಿನಾಯಿಲ್ ವಾಸನೆ ಬರ್ತಿದೆ ಅಂದ ಮಾತ್ರಕ್ಕೆ ಆಸ್ಪತ್ರೆ ಕ್ಲೀನ್ ಅಂತ ನಂಬಬೇಡಿ. ಚಿಕಿತ್ಸೆ ವೇಳೆ ಸೋಂಕು ಅಂಟೋದು ಹೆಚ್ಚಾಗಿ ಕೈ, ಸೂಜಿ, ಉಪಕರಣಗಳಿಂದ. ಹೋದಾಗ ಈ ಮೂರು ವಿಷಯ ಗಮನಿಸಿ.

ಕೈ: ಒಬ್ಬ ರೋಗಿಯನ್ನು ಮುಟ್ಟಿದ ಸಿಬ್ಬಂದಿ ಇನ್ನೊಬ್ಬರನ್ನು ಮುಟ್ಟುವ ಮುಂಚೆ ಕೈ ತೊಳೀತಾರಾ? ಗ್ಲೌಸ್ ಬದಲಿಸ್ತಾರಾ?

ಸೂಜಿ: ಸಿರಿಂಜ್ ಪ್ಯಾಕೆಟ್ ನಿಮ್ಮ ಎದುರೇ ಒಡೆಯಬೇಕು. ಒಬ್ಬರಿಗೆ ಬಳಸಿದ್ದನ್ನು ಇನ್ನೊಬ್ಬರಿಗೆ ಬಳಸಿದರೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಹರಡಬಹುದು. ಸೂಜಿ ಮಾತ್ರ ಬದಲಿಸಿ ಹಳೇ ಸಿರಿಂಜ್ ಬಳಸೋದೂ ಅಪಾಯವೇ.

ಕಸದ ಡಬ್ಬಿ: 2016ರ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ರಕ್ತ ಅಂಟಿದ ಹತ್ತಿ, ಬ್ಯಾಂಡೇಜ್ ಹಳದಿ ಚೀಲಕ್ಕೆ, ಡ್ರಿಪ್ ಪೈಪು, ಗ್ಲೌಸ್ ಕೆಂಪಿಗೆ, ಸೂಜಿ, ಬ್ಲೇಡ್ ಬಿಳಿ ಗಟ್ಟಿ ಡಬ್ಬಿಗೆ, ಔಷಧಿಯ ಗಾಜಿನ ಬಾಟಲಿ ನೀಲಿಗೆ ಹೋಗಬೇಕು. ಎಲ್ಲವೂ ಒಂದೇ ಬುಟ್ಟಿಗೆ ಬಿದ್ದರೆ, ನಾಳೆ ಆ ಸೂಜಿ ಚುಚ್ಚೋದು ಕಸ ಎತ್ತುವ ಪೌರಕಾರ್ಮಿಕರ ಕೈಗೆ.

ಗೋಡೆಯ ಬಣ್ಣ ಮಾಸಿದ ಸರ್ಕಾರಿ ಆಸ್ಪತ್ರೆ ಈ ಮೂರರಲ್ಲಿ ಪಾಸಾಗಬಹುದು, ಎಸಿ ಹಾಕಿದ ಖಾಸಗಿ ಕ್ಲಿನಿಕ್ ಫೇಲಾಗಬಹುದು. ಲೋಪ ಕಂಡರೆ ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಗೆ ಲಿಖಿತ ದೂರು ಕೊಡಿ.

ಅಂಗಡಿಯಲ್ಲಿ ಬಿಸ್ಕತ್ ಪ್ಯಾಕೆಟ್ಟಿನ ಡೇಟ್ ನೋಡಿ ಕೊಳ್ಳುವ ನಾವು, "ಸಿರಿಂಜ್ ಹೊಸದಾ ಸಿಸ್ಟರ್?" ಅಂತ ಕೇಳೋಕೆ ಸಂಕೋಚ ಯಾಕೆ?