ಸಾಧನೆಯನ್ನು ಕೊನೆಯಿಂದ ಹುಡುಕಿ

ಮೇಲಿನ ಟ್ಯಾಂಕಿಗೆ ನೀರು ಹತ್ತಿಲ್ಲ. ಫ್ಯೂಸ್ ಹೋಗಿದೆ ಎಂದು ತರ್ಕದಿಂದಲೇ ಸಾಧಿಸಬೇಕು. ಕೈಯಲ್ಲಿರುವ ಆಧಾರವಾಕ್ಯಗಳು ಇವು:

1. ಮೋಟಾರಿಗೆ ಕರೆಂಟ್ ಬಂದರೆ ಅದು ಓಡುತ್ತದೆ (ಕ → ಮ)
2. ಮೋಟಾರ್ ಓಡಿದರೆ ನೀರು ಹತ್ತುತ್ತದೆ (ಮ → ನ)
3. ಮೋಟಾರಿಗೆ ಕರೆಂಟ್ ಬರುತ್ತಿದೆ, ಇಲ್ಲವೇ ಫ್ಯೂಸ್ ಹೋಗಿದೆ (ಕ ∨ ಫ)
4. ನೀರು ಹತ್ತಿಲ್ಲ (¬ನ)

ಸತ್ಯತಾ ಕೋಷ್ಟಕ (ಪ್ರತಿ ಅಕ್ಷರದ ನಿಜ-ಸುಳ್ಳುಗಳ ಎಲ್ಲ ಜೋಡಣೆಗಳ ಪಟ್ಟಿ) ಹಾಕಿಯೂ ಪರೀಕ್ಷಿಸಬಹುದು. ಆದರೆ ನಾಲ್ಕು ಅಕ್ಷರಕ್ಕೆ 16 ಸಾಲು ಬೇಕು, ಹತ್ತು ಅಕ್ಷರವಾದರೆ 1024. ಅನುಮಾನದ ನಿಯಮಗಳು ಈ ಶ್ರಮವನ್ನು ಉಳಿಸುತ್ತವೆ.

ಹೊಸದಾಗಿ ಕಲಿಯುವವರು ಸಾಮಾನ್ಯವಾಗಿ ಮೊದಲ ಸಾಲಿನಿಂದ ಹೊರಟು, ಸಿಕ್ಕ ನಿಯಮವನ್ನೆಲ್ಲ ಹಚ್ಚಿ ನೋಡುತ್ತಾರೆ. ಕೊನೆಯಿಂದ ಹುಡುಕುವುದೇ ಮೇಲು. ನಮಗೆ ಬೇಕಾದ ಫ ಇರುವುದು ಮೂರನೇ ಸಾಲಿನಲ್ಲಿ ಮಾತ್ರ. 'ಇದು ಇಲ್ಲವೇ ಅದು' ಎಂದಿರುವಲ್ಲಿ ಒಂದನ್ನು ತಳ್ಳಿಹಾಕಿದರೆ ಇನ್ನೊಂದು ಉಳಿಯುತ್ತದೆ; ಇದೇ ವಿಕಲ್ಪ ನಿಯಮ. ಹಾಗಾಗಿ ¬ಕ ಸಿಗಬೇಕು. ಅದು ಸಿಗಬೇಕಾದರೆ, ಮೊದಲ ಸಾಲಿನ ಪ್ರಕಾರ, ¬ಮ ಬೇಕು. ¬ಮ ಅನ್ನು ಎರಡು ಮತ್ತು ನಾಲ್ಕನೇ ಸಾಲುಗಳು ಕೊಡುತ್ತವೆ. ದಾರಿ ಸಿಕ್ಕಿತು, ಈಗ ಮುಂದಿನಿಂದ ಬರೆದರಾಯಿತು:

5. ¬ಮ (2, 4, ಮೋಡಸ್ ಟೋಲೆನ್ಸ್)
6. ¬ಕ (1, 5, ಮೋಡಸ್ ಟೋಲೆನ್ಸ್)
7. ಫ (3, 6, ವಿಕಲ್ಪ ನಿಯಮ)

ಮೋಡಸ್ ಟೋಲೆನ್ಸ್ ಎಂದರೆ ಫಲ ಇಲ್ಲದಿದ್ದರೆ ಕಾರಣವೂ ಇಲ್ಲ ಎನ್ನುವ ನಿಯಮ. ಕಾರಣ ಇದೆ, ಆದ್ದರಿಂದ ಫಲವೂ ಇದೆ ಎನ್ನುವುದು ಮೋಡಸ್ ಪೋನೆನ್ಸ್. ಕ್ರಿ.ಪೂ. 3ನೇ ಶತಮಾನದ ಗ್ರೀಕ್ ದಾರ್ಶನಿಕ ಕ್ರಿಸಿಪ್ಪಸ್ ಬೇರೆ ಸಾಧನೆ ಬೇಡವೆಂದು ಒಪ್ಪಿದ ಐದು ಮೂಲರೂಪಗಳಲ್ಲಿ ಇವೆರಡೂ ಇದ್ದವು.

ಜನ ಎಡವುವುದು ಮೋಡಸ್ ಪೋನೆನ್ಸ್‌ನ ತಿರುವುಮುರುವಿನಲ್ಲಿ. 'ನೀರು ಹತ್ತಿದೆ, ಆದ್ದರಿಂದ ಮೋಟಾರ್ ಓಡಿದೆ' ಎನ್ನುವಂತಿಲ್ಲ. ಟ್ಯಾಂಕರಿನವರು ತುಂಬಿಸಿರಬಹುದು. ಎರಡನೇ ಸಾಲು ಮೋಟಾರಿನಿಂದ ನೀರಿಗೆ ಹೋಗುತ್ತದೆಯೇ ಹೊರತು ನೀರಿನಿಂದ ಮೋಟಾರಿಗೆ ಬರುವುದಿಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಮೇಲಿನ ಸಾಧನೆಯಲ್ಲಿ ತಪ್ಪಿಲ್ಲ. ಆದರೂ ಫ್ಯೂಸ್ ಸರಿಯಾಗಿಯೇ ಇರಬಹುದು. ಬಾವಿ ಬತ್ತಿದ್ದರೆ ಮೋಟಾರ್ ಓಡಿದರೂ ನೀರು ಹತ್ತದು. ಆಗ ಎರಡನೇ ಆಧಾರವಾಕ್ಯವೇ ಸುಳ್ಳು. ಆಧಾರಗಳು ನಿಜವಾದರೆ ತೀರ್ಮಾನವೂ ನಿಜ, ಇಷ್ಟೇ ನಿಯಮಗಳು ಕೊಡುವ ಭರವಸೆ. ಆಧಾರಗಳನ್ನು ನಾವೇ ಹೋಗಿ ನೋಡಬೇಕು.

ಅಭ್ಯಾಸ ಮಾಡುವಾಗ ಪ್ರತಿ ಹೊಸ ಸಾಲಿನ ಪಕ್ಕದಲ್ಲೂ ಅದು ಯಾವ ಸಾಲುಗಳಿಂದ, ಯಾವ ನಿಯಮದಿಂದ ಬಂತೆಂದು ಬರೆಯಿರಿ. ಬರೆಯಲು ಆಗದಿದ್ದರೆ ಆ ಸಾಲನ್ನು ಹೊಡೆದುಹಾಕಿ.